ಮಹಡಿ ಮನೆ ಮಾಮಿಯ ವೆಬ್‌ಸೈಟು

ಹೋದ ವಾರ ಅಟ್ಟ ಖಾಲಿ ಮಾಡುವಾಗ ಹಳೆಯ ಮೋಡೆಮ್ ಒಂದು ಸಿಕ್ಕಿತು. ಧೂಳು ಒರೆಸಲು ಕೈಗೆತ್ತಿಕೊಂಡವಳು ಹಾಗೇ ಕುಳಿತುಬಿಟ್ಟೆ. ಫೋನಿನ ತಂತಿಯನ್ನು ಅದಕ್ಕೆ ಸಿಕ್ಕಿಸಿದರೆ ಗರಗರ ಎಂದು ಅರಚಿ ಇಂಟರ್‌ನೆಟ್ ಬರುತ್ತಿದ್ದ ಕಾಲವದು. ನೆಟ್ ಇದ್ದಷ್ಟು ಹೊತ್ತು ಫೋನ್ ಇಲ್ಲ, ಫೋನ್ ಹಿಡಿದರೆ ನೆಟ್ ಇಲ್ಲ...

ಮದುವೆಯಾಗಿ ಮೈಸೂರಿನಿಂದ ಮೈಲಾಪೂರಿಗೆ ಬಂದ ಹೊಸತರಲ್ಲಿ ನನಗೆ ತಮಿಳು ಬರುತ್ತಿರಲಿಲ್ಲ. ಮಹಡಿ ಮನೆಯ ಮಾಮಿ ಕನ್ನಡದವರೆಂದು ತಿಳಿದಾಗ ಹೋದ ಜೀವ ಬಂದಂತಾಯಿತು. ಅಜ್ಜನ ಕಾಲದಿಂದ ಮದರಾಸಿನಲ್ಲೇ ಇದ್ದ ಮಾಧ್ವರ ಮನೆತನ. ಅವರ ಕನ್ನಡದಲ್ಲಿ ಅರ್ಧ ತಮಿಳು. ಕಚೇರಿ ಕೆಲಸಕ್ಕೆ ಅವಧಿಗೆ ಮೊದಲೇ ಮುಕ್ತಾಯ ಹಾಡಿ, ಕಂಪ್ಯೂಟರ್ ಕಲಿತು, ತಮ್ಮ ಮೆಚ್ಚಿನ ಹಿನ್ನೆಲೆ ಗಾಯಕಿಗಾಗಿ ಒಂದು ವೆಬ್‌ಸೈಟ್ ಮಾಡಿದ್ದರು. ಆಕೆ ಹಾಡುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದರೂ ಮಲೇಷ್ಯಾ, ದುಬೈ, ಕೆನಡಾಗಳಿಂದ ಅಭಿಮಾನಿಗಳು ದಿನವೂ ಬಂದು ಗೆಸ್ಟ್‌ಬುಕ್ಕಿನಲ್ಲಿ ಬರೆದು ಹೋಗುತ್ತಿದ್ದರು. ರೆಕಾರ್ಡನ್ನು ಕೈಯಲ್ಲಿ ಹಿಡಿದು ನೋಡದೆ ಮಾಮಿ ಯಾವ ಹಾಡಿನ ವಿವರವನ್ನೂ ಹಾಕುತ್ತಿರಲಿಲ್ಲ. ಕನ್ನಡ ಹಾಡುಗಳ ಪುಟಗಳನ್ನು ಟೈಪ್ ಮಾಡುವುದು ನನ್ನ ಪಾಲಿನ ಕೆಲಸ. ಅದೇ ಊರಿನಲ್ಲಿದ್ದರೂ ಗಾಯಕಿಯನ್ನು ಮಾಮಿ ಒಮ್ಮೆಯೂ ಕಂಡಿರಲಿಲ್ಲ. "ಹಾಡು ಕೊಟ್ಟಿದ್ದಾರೆ, ಪೋದುಂ, ಅಷ್ಟು ಸಾಕು. ಅವರ ಮನೆ ಬಾಗ್ಲು ತಟ್ಟಕ್ಕೆ ನಾವ್ಯಾರಮ್ಮಾ?" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಮಾಮಿ ಮೆಟ್ಟಿಲ ಮೇಲಿಂದಲೇ ಕೂಗಿದರು. ಧ್ವನಿ ಸರಿಯಿರಲಿಲ್ಲ. ಓಡಿಹೋದೆ. ಗಾಯಕಿ ತೀರಿಕೊಂಡ ಸುದ್ದಿ ಟೀವಿಯ ಕೆಳಸಾಲಿನಲ್ಲಿ ಓಡುತ್ತಿತ್ತು. ಬೇರೆ ಸೈಟುಗಳು ಆಗಲೇ ಅವರ ಫೋಟೋಗೆ ಕಪ್ಪು ಅಂಚು ಕಟ್ಟಿದ್ದವು. ನಮ್ಮ ಗೆಸ್ಟ್‌ಬುಕ್ಕಿನಲ್ಲಿ ಸಂತಾಪಗಳ ಜೊತೆ ಬೈಗುಳಗಳೂ ಇದ್ದವು: ಇನ್ನೂ ಯಾಕೆ ಹಾಕಿಲ್ಲ, ನಿದ್ದೆಯೇ? ನಡುನಡುವೆ ಹೆಸರಿಲ್ಲದ ಒಬ್ಬರ ಸಾಲು, ಮತ್ತೆ ಮತ್ತೆ: ಇದು ನಿಜವೇ? ದಯವಿಟ್ಟು ಹೇಳಿ.

"ಹಾಕಿಬಿಡೋಣ ಮಾಮಿ, ಟೀವೀಲೇ ಬಂತಲ್ಲ," ಎಂದೆ.

"ಟೀವಿಯವ್ರು ಹೋಗಿ ನೋಡಿದ್ರಾ?" ಮಾಮಿ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. "ಬದುಕಿರೋವ್ರನ್ನ ನಾನೇ ಸಾಯಿಸಿಬಿಟ್ರೆ? ಸೀಕ್ರಂ, ಬೇಗ ಬಾಮ್ಮಾ, ಆಟೋ ಹಿಡಿಯೋಣ."

ದಾರಿಯುದ್ದಕ್ಕೂ ಅವರದು ಒಂದೇ ಕೆಲಸ: ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು... ಗಾಯಕಿಯ ಮನೆಯ ಗೇಟಿನ ಮುಂದೆ ಹೂಹಾರ ಹಿಡಿದ ಜನ ನಿಂತಿದ್ದರು. ವಾಚ್‌ಮನ್ ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ಎಂದೂ ಯಾರನ್ನೂ ತಳ್ಳದ ಮಾಮಿ ಅಂದು ಗುಂಪಿನೊಳಗೆ ನುಗ್ಗಿ ತಮ್ಮ ಸೈಟಿನ ಹೆಸರು ಹೇಳಿದರು. ಒಳಗೆ ಹೋಗಿ ಕೇಳಿಬಂದ ಅವನು ನಮ್ಮಿಬ್ಬರನ್ನು ಮಾತ್ರ ಬಿಟ್ಟ.

ಗಾಯಕಿ ಮೇಜಿನ ಮುಂದೆ ಕುಳಿತಿದ್ದರು. ತಟ್ಟೆಯಲ್ಲಿ ಅರ್ಧ ತಿಂದ ಇಡ್ಲಿ. ತೀರಿಕೊಂಡವರು ಅವರದೇ ಹೆಸರಿನ ಒಬ್ಬ ನಾಟಕ ನಟಿಯಂತೆ. ಬೆಳಗಿನಿಂದ ಬಡಿದುಕೊಂಡ ಫೋನಿಗೆ ಬೇಸತ್ತು ಗಾಯಕಿ ರಿಸೀವರ್ ತೆಗೆದಿಟ್ಟಿದ್ದರು.

"ನೀವೂ ಹಾಕಿದ್ರಾ?" ಎಂದು ಕೇಳಿದರು.

"ಇಲ್ಲಮ್ಮಾ, ಹಾಕ್ಲಿಲ್ಲ," ಎಂದ ಮಾಮಿ ಗೋಡೆಗೆ ಒರಗಿ ಅತ್ತುಬಿಟ್ಟರು.

ಗಾಯಕಿ ಎದ್ದು ಬಂದು ಅವರ ಕೈ ಹಿಡಿದರು. "ನನ್ನ ಮಗಳು ಕೆನಡಾದಲ್ಲಿದ್ದಾಳೆ. ಎಷ್ಟು ಸಲ ಮಾಡಿದ್ರೂ ಅವಳ ಫೋನು ಎಂಗೇಜು. ದಿನಾ ನಿಮ್ಮ ಸೈಟೇ ನೋಡೋದು ಅವಳು..." ಮಗಳು ಆಗಲೂ ನೆಟ್‌ನಲ್ಲಿ, ನಮ್ಮ ಪುಟದ ಮುಂದೆಯೇ ಕುಳಿತಿದ್ದಾಳೆಂದು ಮೂವರಿಗೂ ಒಟ್ಟಿಗೇ ಹೊಳೆಯಿತು. "ರಿಸೀವರ್ ಇಟ್ಟುಬಿಡಿ ಅಮ್ಮಾ, ಅವಳೇ ಮಾಡ್ತಾಳೆ," ಎಂದು ಹೇಳಿ ಮಾಮಿ ಬಾಗಿಲಿಗೆ ಓಡಿದರು.

ಮನೆಗೆ ಬಂದರೆ ಮೋಡೆಮ್ ಹಟ ಹಿಡಿಯಿತು. ಅರಚುತ್ತದೆ, ಕಡಿದುಹೋಗುತ್ತದೆ. ಮಾಮಿ ರಾಯರ ಹೆಸರು ಹೇಳುತ್ತ ಮತ್ತೆ ಮತ್ತೆ ಗುಂಡಿ ಒತ್ತಿದರು. ಕೊನೆಗೂ ಸಿಕ್ಕಿದಾಗ ಮೊದಲ ಪುಟದಲ್ಲಿ ಇಷ್ಟೇ ಬರೆದರು: ಅವರು ಮನೆಯಲ್ಲಿದ್ದಾರೆ. ಈಗ ತಾನೇ ನೋಡಿ ಬಂದೆ. ಇಡ್ಲಿ ತಿನ್ನುತ್ತಿದ್ದರು.

ಸ್ವಲ್ಪ ಹೊತ್ತಿಗೆ ಗೆಸ್ಟ್‌ಬುಕ್ಕಿನಲ್ಲಿ ಆ ಹೆಸರಿಲ್ಲದವಳ ಸಾಲು ಬಂತು: ಅಮ್ಮನಿಗೆ ಫೋನ್ ಮಾಡಬೇಕು, ನೆಟ್ ನಿಲ್ಲಿಸುತ್ತಿದ್ದೇನೆ.

ಆಮೇಲೆ ಮಾಮಿ ಹೆಚ್ಚು ವರ್ಷ ಇರಲಿಲ್ಲ. ಸೈಟಿಗೆ ಪುಕ್ಕಟೆ ಜಾಗ ಕೊಟ್ಟಿದ್ದ ಕಂಪನಿ ಮುಚ್ಚಿದಾಗ ಅವರ ಪುಟಗಳೂ ಹೋದವು. ಉಳಿಸಿಕೊಳ್ಳುವುದು ಹೇಗೆಂದು ಆಗ ನನಗೆ ತಿಳಿಯಲಿಲ್ಲ...

ಇತ್ತೀಚೆಗೆ ಒಂದು ಮಧ್ಯಾಹ್ನ ಗಾಯಕಿ ತೀರಿಕೊಂಡರೆಂಬ ಸುದ್ದಿ ಮೊಬೈಲಿಗೆ ಒಂದೇ ಸಮನೆ ಬರತೊಡಗಿತು. ಯಾರಿಗೂ ಕಳಿಸದೆ ಸುಮ್ಮನೆ ಕುಳಿತಿದ್ದೆ. ಈ ಸಲ ಅದು ನಿಜವಾಗಿತ್ತು. ಮಹಡಿ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಅವರಿಗೆ ಆ ಗಾಯಕಿಯ ಹೆಸರೂ ಗೊತ್ತಿಲ್ಲ.