ರಜೆ ಸಿಕ್ಕ ಸಿಪಾಯಿ

ಯುದ್ಧದ ಸಿನಿಮಾದಲ್ಲಿ ಮೊದಲು ಸಾಯುವ ಹುಡುಗ ಯಾರೆಂದು ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಶೆಟ್ಟಿಹಳ್ಳಿಯಲ್ಲಿ ಇಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವನು ನಾನು; ಈಗ ತಪ್ಪೊಪ್ಪಿಗೆಯಾಗಿ ಬರೆಯುತ್ತಿದ್ದೇನೆ.

ಇದೇನೂ ದೊಡ್ಡ ವಿದ್ಯೆಯಲ್ಲ, ಎಸ್ಸೆಸ್ಸೆಲ್ಸಿ ಓದಿದವನಿಗೂ ದಕ್ಕುವಂಥದ್ದು. ಡೇರೆಯೊಳಗೆ ಎಲ್ಲರನ್ನೂ ನಗಿಸುವವನ ಮೇಲೆ ಒಂದು ಕಣ್ಣಿಡಬೇಕು, ಅಮ್ಮನ ಅಡುಗೆ ಹೊಗಳುವವನ ಮೇಲೆ ಇನ್ನೊಂದು. ರಜೆ ಮಂಜೂರಾಯಿತೆಂದು ಯಾರಾದರೂ ಕುಣಿದರೆ ಮುಗಿಯಿತು, ಆಮೇಲೆ ನೋಡುವುದೇ ಬೇಡ. “ಇವ್ನು ಹೋದ,” ಎಂದು ಸೋಫಾದಲ್ಲಿ ಕೂತೇ ತೀರ್ಪು ಕೊಡುತ್ತಿದ್ದೆ.

“ನೀವೊಬ್ರು ಯಮನ ಆಫೀಸಿನ ಗುಮಾಸ್ತರು. ಸುಮ್ನೆ ನೋಡೋಕೆ ಬಿಡ್ರೀ,” ಎಂದು ಹೆಂಡತಿ ರೇಗುತ್ತಿದ್ದಳು.

ಪಕ್ಕದಲ್ಲಿ ಕೂತು ನೋಡುತ್ತಿದ್ದವನು ಸಿದ್ದಲಿಂಗ. ಚೇಳೂರಿನ ಹೈಸ್ಕೂಲಿನಲ್ಲಿ ನಾವು ಒಂದೇ ಬೆಂಚಿನವರು. ಅವನು ಮಿಲಿಟರಿ ಸೇರಿದ, ನಾನು ತುಮಕೂರಿನ ಬಟ್ಟೆ ಅಂಗಡಿ ಸೇರಿದೆ. ನಿವೃತ್ತನಾಗಿ ಗುಬ್ಬಿಯಲ್ಲಿರುವ ಅವನು ಭಾನುವಾರ ಬಸ್ಸಿನಲ್ಲಿ ಬಂದು, ನಮ್ಮಲ್ಲಿ ಊಟ ಮಾಡಿ, ಸಿನಿಮಾ ನೋಡಿ ಹೋಗುತ್ತಾನೆ. ಅವನದೊಂದು ವಿಚಿತ್ರ: ಗುಂಡು ಹಾರುವಾಗ ಗೊರಕೆ ಹೊಡೆಯುತ್ತಾನೆ, ಡೇರೆಯ ಹುಡುಗರು ಒಂದೇ ತಟ್ಟೆಗೆ ಕೈಹಾಕಿ ಕಿತ್ತಾಡುವಾಗ ಎದ್ದು ನೀರು ಕುಡಿಯಲು ಹೋಗುತ್ತಾನೆ. “ಏನ್ಲಾ ಸಿಪಾಯಿ, ಬಾಂಬ್ ಬಿದ್ರೆ ನಿದ್ದೆ, ನಕ್ರೆ ಬಾಯಾರಿಕೆ!” ಎಂದು ವರ್ಷಗಟ್ಟಲೆ ಆಡಿಕೊಂಡೆ.

ಹೋದ ಯುಗಾದಿ ಕಳೆದ ಮೇಲೆ ಒಂದು ಭಾನುವಾರ, ಸಿನಿಮಾದಲ್ಲಿ ಒಬ್ಬನಿಗೆ ರಜೆ ಸಿಕ್ಕಿತು. “ಹೋದ ಕಣೋ, ಬರೆದಿಟ್ಕೋ,” ಎಂದೆ. ಸಿದ್ದಲಿಂಗ ಟಿ.ವಿ. ನೋಡುತ್ತಲೇ ಮಾತಾಡಿದ.

“ನಂಗೂ ಹಿಂಗೆ ಮೊದ್ಲೇ ಗೊತ್ತಾಗಿದ್ರೆ ಚೆನ್ನಾಗಿರ್ತಿತ್ತು ಕಣ್ಲಾ. ಅವ್ವ ಕಳ್ಸಿದ್ ಕೊಬ್ಬರಿ ಮಿಠಾಯಿನ ಪಕ್ಕದ ಮಂಚದವ್ನು ಪೂರಾ ತಿಂದ್ಬುಟ್ಟ. ಅವ್ನ್ ಜೊತೆ ಮಾತು ಬಿಟ್ಟೆ. ಅವ್ನಿಗೂ ರಜೆ ಆಗಿತ್ತು. ಊರಿಂದ ಇದ್ರ ಎರಡರಷ್ಟು ತಂದ್ಕೊಡ್ತೀನಿ ಅಂದ. ಮುಖ ತಿರುಗಿಸ್ದೆ. ಗಸ್ತಿಗೆ ಹೋದೋನು ಬರ್ಲಿಲ್ಲ.”

ಹೆಂಡತಿ ಟಿ.ವಿ. ಸದ್ದು ತಗ್ಗಿಸಿದಳು.

ನಮ್ಮೂರ ಪೌರಾಣಿಕ ನಾಟಕಗಳಲ್ಲಿ ಯಾವ ರಾಜಕುಮಾರ ಸಾಯುತ್ತಾನೆಂದು ಕೂಸಿಗೂ ಗೊತ್ತಿತ್ತು. ಆದರೂ ಅವನು ಯುದ್ಧಕ್ಕೆ ಹೊರಟು ತಾಯಿಯ ಕಾಲಿಗೆ ಬೀಳುವಾಗ ಚಾಪೆಯ ಮೇಲೆ ಕೂತವರು ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಗೊತ್ತಿದ್ದೂ ಸುಮ್ಮನಿರುವ ಆ ಮರ್ಯಾದೆಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ನಾನು ಅದನ್ನು ಎಲ್ಲಿ ಕಳೆದುಕೊಂಡೆನೋ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಫೋನ್ ಮಾಡಿದರೆ ಮಂಡಿನೋವು ಎಂದ. ಕೊನೆಗೆ ನಾನೇ ಗುಬ್ಬಿಗೆ ಹೋಗಿ, “ಬಾರೋ, ಬಾಯಿ ಮುಚ್ಕೊಂಡಿರ್ತೀನಿ,” ಎಂದು ಕರೆತಂದೆ.

ಅವತ್ತಿನ ಸಿನಿಮಾದಲ್ಲೂ ಒಬ್ಬನಿಗೆ ರಜೆ ಸಿಕ್ಕಿ ಡೇರೆಯ ಹುಡುಗರೆಲ್ಲ ಅವನನ್ನು ಎತ್ತಿ ಕುಣಿದರು. ನಾನು ತಲೆ ಬಗ್ಗಿಸಿ ಕಡಲೆಕಾಯಿ ಬಿಡಿಸುತ್ತಿದ್ದೆ.

“ಯಾಕ್ಲಾ ಗುಮಾಸ್ತ, ಏನಾಗ್ತಾನೆ ಇವ್ನು?” ಸಿದ್ದಲಿಂಗನೇ ಕೆಣಕಿದ.

“ಊರಿಗೆ ಹೋಗ್ತಾನೆ,” ಎಂದೆ.

ಸುಳ್ಳೆಂದು ಇಬ್ಬರಿಗೂ ಗೊತ್ತು. ಆದರೆ ಅವನು ನೀರಿಗೆ ಏಳಲಿಲ್ಲ. ನಾನು ಬಿಡಿಸಿಟ್ಟಿದ್ದ ಕಡಲೆಕಾಯಿಯನ್ನೆಲ್ಲ ಒಂದೂ ಉಳಿಸದೆ ತಾನೇ ತಿಂದ. ನಾನು ಮಾತು ಬಿಡಲಿಲ್ಲ.