ಕಾರ್ಪೆಟ್ಟಿನ ಮೇಲೆ ಎರಡು ಹನಿ ಜಪಾನಿ ವಿಸ್ಕಿ

ಜಪಾನಿ ವಿಸ್ಕಿಯ ಬಗ್ಗೆ ಭಕ್ತಿಯಿಂದ ಮಾತಾಡುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕುಡಿಯುವವರ ಮೇಲೆ ಸಿಟ್ಟಿಲ್ಲ, ನಾನೂ ಕುಡಿಯುತ್ತೇನೆ. ಗ್ಲಾಸಿನೊಳಗೆ ಮೂಗು ತೂರಿಸಿ, ಕಣ್ಣು ಮುಚ್ಚಿ, ಹಿಮ ಕರಗಿದ ನೀರು, ಮಂಜಿನ ಬೆಟ್ಟ, ಅಜ್ಜ ಮೊಮ್ಮಕ್ಕಳ ತಾಳ್ಮೆ ಎಂದು ಹರಿಕಥೆ ಶುರು ಮಾಡುವವರ ಮೇಲೆ ಸಿಟ್ಟು. ಹತ್ತು ವರ್ಷದ ಹಿಂದಿನ ದುಬೈಯಲ್ಲಿ ಅಂಥವರು ಕಟ್ಟಡಕ್ಕೊಬ್ಬರಿದ್ದರು. ನಿನ್ನೆಯವರೆಗೆ ಸಿಕ್ಕಿದ್ದಕ್ಕೆ ಸೋಡಾ ಸುರಿದು ಕುಡಿಯುತ್ತಿದ್ದವರು ಬೆಳಗಾಗುವುದರೊಳಗೆ ಜಪಾನಿನ ಓಕ್ ಪೀಪಾಯಿಯ ಪಂಡಿತರಾಗಿಬಿಟ್ಟಿದ್ದರು.

ನಾನಾಗ ಜೆಬೆಲ್ ಅಲಿಯಲ್ಲಿ ಮದ್ಯ ಆಮದು ಮಾಡುವ ಒಂದು ಕಂಪನಿಯ ಗುಮಾಸ್ತ. ಹಡಗಿನಿಂದ ಇಳಿದ ಪ್ರತಿ ಸರಕಿನ ವಿವರಪತ್ರ ನನ್ನ ಮೇಜಿನ ಮೇಲೆ ಹಾದುಹೋಗುತ್ತಿತ್ತು. ಯಾವ ದೇಶದ್ದು, ಏನೇನು ಬೆರೆಸಿದ್ದು, ಎಲ್ಲಿ ಬಾಟಲಿಗೆ ತುಂಬಿದ್ದು ಎಂದು ಅದರಲ್ಲಿ ಇರುತ್ತದೆ. ಅದನ್ನು ಓದಿ ಓದಿಯೇ ಗೊತ್ತಾದದ್ದು: ಜಪಾನಿನ ದೊಡ್ಡ ವಿಸ್ಕಿ ಕಂಪನಿಗಳು ಪಕ್ಕದವರ ಹತ್ತಿರ ಕೈ ಚಾಚದೆ, ಹತ್ತಾರು ಬಗೆಯ ವಿಸ್ಕಿಯನ್ನು ತಮ್ಮದೇ ಡಿಸ್ಟಿಲರಿಗಳಲ್ಲಿ ಇಳಿಸಿ ತಾವೇ ಬೆರೆಸುತ್ತವೆ. ಅದನ್ನು ಒಪ್ಪುತ್ತೇನೆ. ಆದರೆ ಆಗಿನ ಅವರ ಕಾನೂನು ಎಷ್ಟು ಸಡಿಲವಿತ್ತೆಂದರೆ, ಸ್ಕಾಟ್ಲೆಂಡಿನಿಂದ ಟ್ಯಾಂಕಿನಲ್ಲಿ ತರಿಸಿದ್ದನ್ನು ಜಪಾನಿನಲ್ಲಿ ಬಾಟಲಿಗೆ ತುಂಬಿದರೂ ಜಪಾನಿ ವಿಸ್ಕಿ ಎಂದು ಮಾರಬಹುದಿತ್ತು. ಹಿಮದ ಬೆಟ್ಟದ ಚಿತ್ರ ಅಂಟಿಸಿದ ಅಂಥದೊಂದು ಬಾಟಲಿಯ ಕಾಗದವನ್ನು ನಾನೇ ಟೈಪ್ ಮಾಡಿದ್ದೆ. ಆಮೇಲೆ ಯಾರಾದರೂ ಹರಿಕಥೆ ಶುರು ಮಾಡಿದರೆ ನಾನು ಒಳಗೊಳಗೇ ನಗುತ್ತಿದ್ದೆ.

ಅಕ್ಕ, ಭಾವ ಮತ್ತು ಅವರ ಮಗಳು ಅಲ್ ನಹ್ದಾದಲ್ಲಿದ್ದರು. ಭಾವ ಒಂದು ಕಟ್ಟಡ ಗುತ್ತಿಗೆ ಕಂಪನಿಯಲ್ಲಿ, ಮುಹೈಸ್ನಾದ ಲೇಬರ್ ಕ್ಯಾಂಪುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಆ ವರ್ಷ ತೈಲದ ಬೆಲೆ ಬಿದ್ದು, ಎಲ್ಲ ಕಂಪನಿಗಳಲ್ಲೂ ಜನ ಕಡಿಮೆ ಮಾಡುತ್ತಿದ್ದರು. ಭಾವನ ಆಫೀಸಿನಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂಬ ಪಟ್ಟಿ ಬರೆಯುತ್ತಿದ್ದವನು ಬೆಂಗಳೂರಿನ ಒಬ್ಬ ಮ್ಯಾನೇಜರ್. ಭಾವನ ಕೆಲಸ ಹೋದರೆ ಮನೆಯವರ ವೀಸಾವೂ ಹೋಗುತ್ತದೆ. ಮಗಳಿಗೆ ಹತ್ತನೆಯ ತರಗತಿಯ ಅರ್ಧ ವರ್ಷ ಇನ್ನೂ ಬಾಕಿ ಇತ್ತು.

ಆ ಮ್ಯಾನೇಜರ್ ಒಂದು ಶುಕ್ರವಾರ ಮಧ್ಯಾಹ್ನ ಮರೀನಾದ ತನ್ನ ಫ್ಲ್ಯಾಟಿಗೆ ಭಾವನನ್ನು ಊಟಕ್ಕೆ ಕರೆದ. ಜಪಾನಿ ವಿಸ್ಕಿಯ ಟೇಸ್ಟಿಂಗ್ ಅಂತೆ. ಭಾವ ನನ್ನನ್ನೂ ಹೊರಡಿಸಿದರು.

"ನನಗೆ ಅದರದ್ದೆಲ್ಲ ಎಂತ ಗೊತ್ತುಂಟು? ನೀನು ಒಟ್ಟಿಗೆ ಇದ್ರೆ ಧೈರ್ಯ. ಆದ್ರೆ ಒಂದು ಮಾತು ಮಾರಾಯ, ಅಲ್ಲಿ ನಿನ್ನ ನಾಲಿಗೆ ಸ್ವಲ್ಪ ಹಿಡ್ಕೊ. ಇವಳ ಪರೀಕ್ಷೆ ಒಂದು ಮುಗೀಲಿ" ಎಂದರು. ನಾನು ಆಗಲಿ ಎಂದೆ.

ಫ್ಲ್ಯಾಟಿನಲ್ಲಿ ಆಫೀಸಿನ ಐದಾರು ಜನ ಸೇರಿದ್ದರು. ಮ್ಯಾನೇಜರ್ ಕಪಾಟಿನಿಂದ ಬಾಟಲಿಯನ್ನು ಎತ್ತಿಕೊಂಡು ಬಂದ ರೀತಿ ನೋಡಬೇಕಿತ್ತು, ತೊಟ್ಟಿಲಿನಿಂದ ಕೂಸನ್ನು ಎತ್ತುವಾಗಲೂ ಯಾರೂ ಅಷ್ಟು ನಾಜೂಕು ಮಾಡುವುದಿಲ್ಲ. ಲೇಬಲ್ಲಿನಲ್ಲಿ ಹಿಮದ ಬೆಟ್ಟವಿತ್ತು. ನನಗೆ ನಗು ಬಂತು. ಅವನು ಒಂದು ಡಿಸ್ಟಿಲರಿಯ ಸುತ್ತಲಿನ ಕಾಡು, ಇನ್ನೊಂದರ ಭಟ್ಟಿಯ ಕತ್ತಿನ ಉದ್ದ, ಎರಡರದ್ದನ್ನೂ ಬೆರೆಸುವವನ ಮೂಗಿನ ಮಹಿಮೆ ಎಲ್ಲ ವರ್ಣಿಸಿ, ಒಬ್ಬೊಬ್ಬರಿಗೆ ಔಷಧಿಯ ಅಳತೆಯಲ್ಲಿ ಸುರಿದ. ಕೇಳುತ್ತಿದ್ದವರು ಕೆಲಸ ಉಳಿಯಲಿ ಎಂದು ಕತ್ತು ಆಡಿಸುತ್ತಿದ್ದರು.

ನಮ್ಮ ಕಡೆಯ ಹಳಬರು ಗ್ಲಾಸು ಕೈಗೆ ಬಂದರೆ ಮೊದಲು ಬೆರಳು ಅದ್ದಿ ಎರಡು ಹನಿ ನೆಲಕ್ಕೆ ಚಿಮುಕಿಸುತ್ತಾರೆ. ಅದು ತೀರಿಹೋದ ಹಿರಿಯರ ಪಾಲು. ಭಾವ ಯೋಚನೆ ಮಾಡದೆ ಹಾಗೇ ಮಾಡಿದರು. ಹನಿಗಳು ಬಿದ್ದದ್ದು ಬಿಳಿ ಕಾರ್ಪೆಟ್ಟಿನ ಮೇಲೆ.

"ಅಯ್ಯೋ, ಏನ್ರೀ ಇದು!" ಮ್ಯಾನೇಜರ್ ಕೂಗಿದ. "ಇದೇನು ನಿಮ್ಮೂರಿನ ಸಾರಾಯಿ ಅನ್ಕೊಂಡ್ರಾ? ಒಂದೊಂದು ಹನಿಗೂ ಒಬ್ಬ ಮಾಸ್ಟರ್ ಬ್ಲೆಂಡರ್ ಜೀವನಾನೇ ಕೊಟ್ಟಿರ್ತಾನೆ. ನೀವು ಕಾರ್ಪೆಟ್ಟಿಗೆ ಕುಡಿಸ್ತಿದೀರಲ್ಲ!"

ಎಲ್ಲರೂ ನಕ್ಕರು. ಭಾವನೂ ನಕ್ಕರು. "ಸಾರಿ ಸರ್, ಅಪ್ಪನಿಗೆ ಅಂತ ಅಭ್ಯಾಸ" ಎನ್ನುತ್ತಾ ಬಗ್ಗಿ, ಕರ್ಚೀಫಿನಿಂದ ತಮ್ಮ ಅಪ್ಪನ ಪಾಲನ್ನು ತಾವೇ ಒರೆಸಿದರು. ಅದನ್ನು ನನಗೆ ತಡೆಯಲಾಗಲಿಲ್ಲ.

"ಸರ್, ಆ ಬ್ಲೆಂಡರ್ ಸ್ಕಾಟ್ಲೆಂಡಿನವನಿರಬೇಕು" ಎಂದೆ. "ಈ ಬಾಟ್ಲಿಯ ಹಿಂದೆ ಜಪಾನಿನ ಡಿಸ್ಟಿಲರಿಯೇ ಇಲ್ಲ. ಟ್ಯಾಂಕಲ್ಲಿ ಬಂದದ್ದು ಇದು. ಇದರ ಕಾಗದ ಟೈಪ್ ಮಾಡಿದ್ದೇ ನಾನು."

ಯಾರೋ ಒಬ್ಬ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಮ್ಯಾನೇಜರ್ ಬಾಟಲಿಯನ್ನು ತಿರುಗಿಸಿ ನೋಡಿದ, ಅಲ್ಲಿದ್ದ ಜಪಾನಿ ಅಕ್ಷರ ಅವನಿಗೂ ಬರುತ್ತಿರಲಿಲ್ಲ. "ಇಂಟರೆಸ್ಟಿಂಗ್" ಎಂದು ಮುಚ್ಚಳ ಹಾಕಿ, "ಊಟ ಮಾಡಿ" ಎಂದ. ಬಿರಿಯಾನಿ ತಿನ್ನುವಾಗ ಭಾವ ನನ್ನ ಮುಖ ನೋಡಲಿಲ್ಲ. ನಾನಂತೂ ಎದೆ ಉಬ್ಬಿಸಿಕೊಂಡೇ ಮನೆಗೆ ಬಂದೆ.

ಮುಂದಿನ ವಾರ ಪಟ್ಟಿ ಬಂತು. ಭಾವನ ಹೆಸರು ಮೊದಲನೆಯದು. ವಿಸ್ಕಿಯ ಸುದ್ದಿಯನ್ನು ಯಾರೂ ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ.

ಕೆಲಸ ಹೋದರೂ ನನ್ನ ಮಾತು ಸರಿ ಎಂದು ಭಾವನಿಗೆ ತೋರಿಸಬೇಕಲ್ಲ, ಆ ವಿವರಪತ್ರದ ಪ್ರತಿ ತೆಗೆಯೋಣ ಎಂದು ಆಫೀಸಿನಲ್ಲಿ ಫೈಲು ಬಿಚ್ಚಿದೆ. ಟ್ಯಾಂಕಿನ ಸರಕು ಇತ್ತು, ಹಿಮದ ಬೆಟ್ಟವೂ ಇತ್ತು. ಆದರೆ ಅದು ಬೇರೆ ವಿಸ್ಕಿ. ಮ್ಯಾನೇಜರ್ ಸುರಿದಿದ್ದ ಬಾಟಲಿಯ ಕಾಗದ ನಾಲ್ಕು ಹಾಳೆ ಕೆಳಗೆ ಸಿಕ್ಕಿತು. ಅದರಲ್ಲಿ ಎರಡು ಡಿಸ್ಟಿಲರಿಗಳ ಹೆಸರಿತ್ತು, ಎರಡೂ ಜಪಾನಿನವೇ. ಕಾಡು, ಭಟ್ಟಿ, ಮೂಗು ಎಂದು ಆ ಮನುಷ್ಯ ಕೊರೆದದ್ದೆಲ್ಲ ನಿಜವೇ ಆಗಿತ್ತು. ಬೆಟ್ಟದ ಚಿತ್ರ ನೋಡಿ ಅವನು ಭಕ್ತನಾದ, ಅದೇ ಬೆಟ್ಟ ನೋಡಿ ನಾನು ಪಂಡಿತನಾದೆ. ಅವನಿಗಿಂತ ಕಡೆ ನಾನು, ಓದಲು ಕಾಗದ ಕೈಯಲ್ಲೇ ಇತ್ತು.

ಊರಿಗೆ ಹೊರಡುವ ಹಿಂದಿನ ದಿನ ಭಾವ ಫೋನು ಮಾಡಿ, "ನಿನ್ನ ಹತ್ರ ಕುಡಿಯುವವರ ಲೈಸೆನ್ಸ್ ಉಂಟಲ್ಲ, ಆ ಬಾಟ್ಲಿಯೇ ಒಂದು ತಾ. ಅವತ್ತು ಗಂಟಲಲ್ಲಿ ಇಳೀಲಿಲ್ಲ" ಎಂದರು. ಸಂಜೆ ತೆಗೆದುಕೊಂಡು ಹೋದೆ. ಫ್ಲ್ಯಾಟಿನಲ್ಲಿ ಸಾಮಾನೆಲ್ಲ ಕಟ್ಟಿಯಾಗಿತ್ತು. ಮಗಳು ಮೂಲೆಯಲ್ಲಿ ಕೂತು ಪಠ್ಯಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ನಾನು ಸಹಾಯಕ್ಕೆ ಕೈ ಹಾಕಿದರೆ "ಐ ಕ್ಯಾನ್ ಮ್ಯಾನೇಜ್, ಮಾಮ" ಎಂದಳು. ಅಕ್ಕ ನನಗೆ ಬೆನ್ನು ಹಾಕಿ ಖಾಲಿ ಕಪಾಟು ಒರೆಸುತ್ತಿದ್ದಳು.

ಭಾವ ಸ್ಟೀಲಿನ ಲೋಟಕ್ಕೆ ಸುರಿದುಕೊಂಡು, ಬೆರಳು ಅದ್ದಿ, ಬರಿ ನೆಲಕ್ಕೆ ಧಾರಾಳವಾಗಿ ಎರಡು ಹನಿ ಚಿಮುಕಿಸಿದರು. ಒಂದು ಗುಟುಕು ಕುಡಿದು ಅಕ್ಕನ ಕಡೆ ತಿರುಗಿದರು. "ನೀನು ಅವನ ಮೇಲೆ ಸಿಟ್ಟು ಮಾಡ್ಬೇಡ. ಅಷ್ಟು ಜನ ಕತ್ತು ಆಡಿಸ್ತಾ ಕೂತಿದ್ರಲ್ಲ, ಸತ್ಯ ಹೇಳಿದ್ದು ಇವನೊಬ್ನೇ. ನಾನು ಊರಲ್ಲಿ ಎಲ್ಲರಿಗೂ ಹೇಳ್ತೇನೆ."

ಮತ್ತೆ ನನ್ನ ಕಡೆ ಲೋಟ ಎತ್ತಿ ಹಿಡಿದು ಕೇಳಿದರು, "ಸ್ಕಾಟ್ಲೆಂಡಿದ್ದೇ ಅಲ್ವಾ ಇದು?"

"ಹೌದು ಭಾವ" ಎಂದೆ.