ನಿಮ್ಮನೆ ಎಲ್ಲಿ ಬರ್ತೈತೆ?

ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಾಗ ನನಗೆ ವೀಸಾಕ್ಕಿಂತ ಮನೆಯ ಚಿಂತೆಯೇ ಹೆಚ್ಚಾಯಿತು. ಮೊದಲ ನಾಲ್ಕು ವಾರ ಆಸ್ಪತ್ರೆಯವರೇ ಇರಲು ಜಾಗ ಕೊಡುತ್ತಾರೆ, ಆಮೇಲೆ ನಮ್ಮ ದಾರಿ ನಮಗೆ. ಅಲ್ಲಿ ಬಾಡಿಗೆ ರೂಮು ಸಿಗದೆ ಒದ್ದಾಡುತ್ತಿರುವವರ ಗೋಳನ್ನು ನರ್ಸುಗಳ ವಾಟ್ಸಾಪ್ ಗುಂಪಿನಲ್ಲಿ ದಿನವೂ ಓದುತ್ತಿದ್ದೆ. ಹಾಗಾಗಿ ಬಿಳಿಚೋಡಿನ ನಮ್ಮ ಮನೆಯಲ್ಲಿ ಕೂತೇ ಹುಡುಕಲು ಶುರು ಮಾಡಿದೆ.

ಕೊನೆಗೆ ಎರಡು ಉಳಿದವು. ಒಂದು, ಊರಾಚೆ ಒಬ್ಬ ಐರಿಶ್ ಮುದುಕಿಯ ಮನೆಯ ರೂಮು. ಆಸ್ಪತ್ರೆಗೆ ಎರಡು ಬಸ್ಸು ಬದಲಿಸಬೇಕು, ಮನೆಯಲ್ಲಿ ನಾಯಿ ಬೇರೆ. ನನಗೋ ನಾಯಿ ಕಂಡರೆ ಕೈಕಾಲು ಆಡುವುದಿಲ್ಲ. ಇನ್ನೊಂದು, ಆಸ್ಪತ್ರೆಗೆ ನಡೆದೇ ಹೋಗಬಹುದಾದಷ್ಟು ಹತ್ತಿರ, ಅದೂ ನಮ್ಮ ಕಡೆಯವರ ಮನೆ. ಹೆಂಡತಿ ಹೊನ್ನಾಳಿಯವರು, ಗಂಡ ಚನ್ನಗಿರಿಯವರು. ಮೊದಲ ಸಲ ಫೋನಿನಲ್ಲಿ ಮಾತಾಡಿದಾಗಲೇ ಆ ಅಕ್ಕ, "ಡ್ಯೂಟಿ ಮುಗಿಸ್ಕೊಂಡು ಬಾರವ್ವ, ಬಿಸಿ ರೊಟ್ಟಿ ಇರ್ತೈತೆ" ಅಂದಿದ್ದರು. ಆ ಒಂದು ಮಾತಿಗೇ ನಾನು ಬಿದ್ದುಹೋದೆ. ಪರದೇಶದಲ್ಲಿ ನಮ್ಮ ಮಾತಾಡುವವರ ಮನೆ ಸಿಗುವಾಗ ನಾಯಿ ಸಾಕಿದ ಮುದುಕಿಯ ಸಹವಾಸ ಯಾರಿಗೆ ಬೇಕು?

"ಮನೆಯೋರನ್ನೂ ಒಂದ್ಸಲ ನೋಡಿದಂಗಾಗ್ತೈತೆ" ಎಂದು ಅಕ್ಕ ಒಂದು ಭಾನುವಾರ ಮಧ್ಯಾಹ್ನ ವೀಡಿಯೊ ಕಾಲ್ ಮಾಡುತ್ತೇನೆ ಅಂದರು. ನಾನು ಮುಖ ತೊಳೆದು ಒಳಗೆ ಬಂದೆ. ನಡುಮನೆಯ ಗೋಡೆ ಬೋಳಾಗಿತ್ತು. ಬುದ್ಧನ ಪಟವೂ ಇಲ್ಲ, ಅದರ ಪಕ್ಕದ ನೀಲಿ ಕೋಟಿನವರ ಪಟವೂ ಇಲ್ಲ. ಎರಡನ್ನೂ ಅಪ್ಪ ಎದೆಗೆ ಅವುಚಿಕೊಂಡು ಅಡುಗೆಮನೆಗೆ ಒಯ್ಯುತ್ತಿದ್ದ.

ಅಪ್ಪ ಎಂಥವನೆಂದು ಹೇಳಬೇಕು. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತನಾದವನು. ನಾನು ಹೈಸ್ಕೂಲಿನಲ್ಲಿದ್ದಾಗ ಬೌದ್ಧ ದೀಕ್ಷೆ ತೆಗೆದುಕೊಂಡವನು. ಯಾರ ಮುಂದೆಯೂ ತಲೆ ತಗ್ಗಿಸಬೇಡ ಎಂದು ನನ್ನ ತಲೆ ತಿಂದು ತಿಂದು ಬೆಳೆಸಿದವನು. ಅವನ ಕೈಯಲ್ಲಿ ಆ ಪಟಗಳನ್ನು ಹಾಗೆ ನೋಡಿ ದಂಗಾಗಿ ನಿಂತೆ.

"ಇದೇನಪ್ಪಾ ಮಾಡ್ತಿದೀಯ?"

"ಹತ್ತು ನಿಮಿಷದ ಮಾತು. ಆಮೇಲೆ ಹಾಕಿದ್ರಾತು ಬಿಡು."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಕ್ಕ ನಗುನಗುತ್ತಾ ಮಾತಾಡಿದರು. ಅವ್ವನ ಮಂಡಿನೋವು ಕೇಳಿದರು, ಜಗಳೂರು ಕಡೆ ಮಳೆ ಕೇಳಿದರು. ಆಮೇಲೆ ಅದೇ ಧಾಟಿಯಲ್ಲಿ, "ಬಿಳಿಚೋಡಾಗೆ ನಿಮ್ಮನೆ ಎಲ್ಲಿ ಬರ್ತೈತ್ರೀ?" ಅಂದರು.

ಈ ಪ್ರಶ್ನೆಯನ್ನು ಎದುರಿಸದವರಿಗೆ ಇದು ದಾರಿ ಕೇಳಿದಂತೆ ಕಾಣಬಹುದು. ದಾರಿ ಅಲ್ಲ. ಜಾತಿ ಕೇಳಲು ನಾಚಿಕೆಯಾಗುವ ಮರ್ಯಾದಸ್ಥರು ಕೇರಿ ಕೇಳುತ್ತಾರೆ. ಆದರೆ ಇಷ್ಟು ದೂರದ ದೇಶದಿಂದ, ನಾನಿನ್ನೂ ವಿಮಾನ ಹತ್ತುವ ಮೊದಲೇ ಈ ಪ್ರಶ್ನೆ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

"ಈಶ್ವರನ ಗುಡಿ ಬಾಜೂಕೇ ರೀ" ಅಂದ ಅಪ್ಪ, ಒಂದು ಕ್ಷಣವೂ ತಡವರಿಸದೆ.

ಅಕ್ಕನ ಮುಖ ಅರಳಿತು. "ಹಂಗಾರೆ ನಮ್ಮೋರೇ ಆದ್ರಲ್ಲ. ರೂಮು ನಿಮ್ಮ ಮಗಳಿಗೇ ಇಡ್ತೀನಿ ಬಿಡ್ರಿ."

ಕಾಲ್ ಮುಗಿದದ್ದೇ ನಾನು ಅಪ್ಪನ ಮೇಲೆ ಹರಿಹಾಯ್ದೆ. ಇಷ್ಟು ವರ್ಷ ಹೇಳಿದ್ದೆಲ್ಲ ಬೂಟಾಟಿಕೆಯೇ ಎಂದು ಕೇಳಿದೆ. ಅವನು ಎಲ್ಲ ಕೇಳಿಸಿಕೊಂಡು, "ನ್ಯಾಮತಿ ಮನೆ ಹೆಂಗೆ ಸಿಕ್ತು ಅನ್ಕಂಡಿದೀಯ?" ಅಂದ.

ಅಪ್ಪನಿಗೆ ನ್ಯಾಮತಿಗೆ ವರ್ಗವಾದಾಗ ನನಗೆ ಮೂರು ವರ್ಷ. ಆ ಬಾಡಿಗೆ ಮನೆಯಲ್ಲಿ ಆರು ವರ್ಷ ಇದ್ದೆವು. ಹಿತ್ತಲಲ್ಲಿ ಪೇರಲ ಗಿಡ. ಮನೆಯ ಒಡತಿ ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಜಡೆ ಹೆಣೆದು ಕನಕಾಂಬರ ಮುಡಿಸುತ್ತಿದ್ದಳು. ನನ್ನ ಬಾಲ್ಯವೆಂದರೆ ಆ ಮನೆಯೇ.

"ಅಲ್ಲೂ ಹಿಂಗೇ ಸುಳ್ಳು ಹೇಳಿದ್ದೆ" ಅಂದ ಅಪ್ಪ. "ಹೇಳದಿದ್ರೆ ಒಂದು ಮನೆನೂ ಸಿಗ್ತಿರಲಿಲ್ಲ."

"ಮತ್ತೆ ಅಜ್ಜಿ?" ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ. ಅಪ್ಪನ ತಾಯಿ ಆ ಆರು ವರ್ಷದಲ್ಲಿ ಒಂದು ಸಲವೂ ನ್ಯಾಮತಿಗೆ ಬಂದಿರಲಿಲ್ಲ. ಬಸ್ಸು ಹತ್ತಿದರೆ ಅವಳಿಗೆ ವಾಂತಿಯಾಗುತ್ತದೆ ಎಂದು ನಮಗೆ ಹೇಳಿದ್ದರು.

"ಬಸ್ಸಲ್ಲ. ನಾನೇ ಬರಬ್ಯಾಡ ಅಂದಿದ್ದೆ. ಅವ್ವ ಬಾಯಿ ಬಿಟ್ರೆ ಎಲ್ಲಾ ಗೊತ್ತಾಗೋದು." ಅವನು ನೆಲ ನೋಡುತ್ತಾ ಹೇಳಿದ, "ಹಡೆದವ್ವಂಗೇ ಬರಬ್ಯಾಡ ಅಂದೋನು ನಾನು. ಎರಡು ಪಟ ಇಳಿಸೋದು ಯಾವ ದೊಡ್ಡ ಮಾತು?"

ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಗಿದೆ, ಕ್ಷಮೆ ಕೇಳಲೂ ಅವಳಿಲ್ಲ. ಐರ್ಲೆಂಡಿನ ಆ ರೂಮಿನಲ್ಲಿ ನಾನು ದಿನವೂ ರೊಟ್ಟಿ ತಿನ್ನುತ್ತಾ, ಅಪ್ಪ ಅವ್ವ ಯಾವಾಗ ಬರುತ್ತಾರೆ ಎಂದು ಅಕ್ಕ ಕೇಳಿದಾಗಲೆಲ್ಲ ಏನು ಹೇಳಲಿ? ವಿಮಾನ ಹತ್ತಿದರೆ ಅವರಿಗೆ ವಾಂತಿಯಾಗುತ್ತದೆ ಅನ್ನಲೇ? ಅಲ್ಲೇ ಅಕ್ಕನಿಗೆ ತಿರುಗಿ ಫೋನು ಮಾಡಿದೆ. ಅಪ್ಪ ಪಕ್ಕದಲ್ಲೇ ಇದ್ದ, ಸ್ಪೀಕರ್ ಹಾಕಿದ್ದೆ.

"ಅಕ್ಕಾ, ನಮ್ಮಪ್ಪ ಹೇಳಿದ್ದು ಸುಳ್ಳು. ನಮ್ಮನೆ ಗುಡಿ ಹತ್ರ ಇಲ್ಲ. ಊರ ಹೊರಗಿನ ಕೇರಿ ನಮ್ಮದು."

ಬೈಗುಳಕ್ಕೆ ತಯಾರಾಗಿದ್ದೆ. ಬೈಯಲಿಲ್ಲ. ಅದೇ ಮೆತ್ತನೆಯ ದನಿಯಲ್ಲಿ, "ಯಾಕವ್ವಾ ಹೇಳಾಕೆ ಹೋದೆ? ಹೇಳದಿದ್ರೆ ಆರಾಮಾಗಿ ಇರಬೋದಿತ್ತಲ್ಲ" ಅಂದರು. ನಿಜವಾಗಿಯೂ ಮರುಗಿದ ದನಿ ಅದು. ಬೈದಿದ್ದರೆ ನಾನು ಇಷ್ಟು ತತ್ತರಿಸುತ್ತಿರಲಿಲ್ಲ.

ಅಪ್ಪ ನನ್ನ ಕೈಯಿಂದ ಫೋನು ತೆಗೆದುಕೊಂಡು ಆರಿಸಿದ. ಆಮೇಲೆ, "ಆ ಮುದುಕಿನ್ನ ಕೇಳು. ಅಪ್ಪ ಅವ್ವ ಬಂದ್ರೆ ಒಂದೆರಡು ದಿನ ಇರಬೋದಾ ಅಂತ" ಅಂದ.

ಬಾಡಿಗೆ, ಬಸ್ಸು, ನಾಯಿ ಯಾವುದನ್ನೂ ವಿಚಾರಿಸದೆ ಆಕೆಗೆ ಮೊದಲು ಅದನ್ನೇ ಬರೆದೆ.